ಅದು ಹಂಗೇ ಮೇಡಂ

ಸಂಜೆ ಕಾಲೇಜಿಗೆ ಸಮಾಜಶಾಸ್ತ್ರ ಕಲಿಸಲು ಹೊಸದಾಗಿ ಸೇರುವವರಿಗೆ ಮೊದಲೇ ಹೇಳಿಬಿಡುತ್ತೇನೆ: ನಿಮ್ಮ ತರಗತಿಯಲ್ಲಿ ಹುಡುಗರು ತೂಕಡಿಸುತ್ತಾರೆ. ಬೇಜಾರು ಮಾಡಿಕೊಳ್ಳಬೇಡಿ. ಬೆಳಗಿನ ಪಾಳಿ ಮುಗಿಸಿ, ರೂಮಿಗೆ ಹೋಗಿ ಮುಖ ತೊಳೆದು, ಬಸ್ಸಿನಲ್ಲಿ ನಿಂತುಕೊಂಡೇ ಬಂದವರು ಬೆಂಚು ಕಂಡ ಕೂಡಲೇ ತೂಕಡಿಸದೆ ಇನ್ನೇನು ಮಾಡುತ್ತಾರೆ? ನಾನು ಮೊದಮೊದಲು ಸೀಮೆಸುಣ್ಣ ಎಸೆದೆ, ಆಮೇಲೆ ಬೈದೆ, ಕೊನೆಗೆ ಬುದ್ಧಿ ಬಂದು ಸುಮ್ಮನಾದೆ. ಪಾಠ ಚೆನ್ನಾಗಿದ್ದರೆ ಅವರೇ ಎಚ್ಚರಾಗುತ್ತಾರೆ. ಚೆನ್ನಾಗಿಲ್ಲದಿದ್ದರೆ, ಪಾಪ, ಅಷ್ಟು ಹೊತ್ತಾದರೂ ವಿಶ್ರಾಂತಿ ಸಿಗಲಿ.

ನಮ್ಮ ಕಾಲೇಜು ಇದ್ದದ್ದು ಪೀಣ್ಯದಲ್ಲಿ, ಒಂದು ಕಡೆ ಅಚ್ಚೊತ್ತುವ ಯಂತ್ರಗಳ ಶೆಡ್ಡು, ಇನ್ನೊಂದು ಕಡೆ ಬಣ್ಣ ಬಳಿಯುವ ಶೆಡ್ಡು, ನಡುವೆ ಸರಸ್ವತಿ. ಮೆಟ್ರೊ ಕಂಬಗಳು ಒಂದೊಂದಾಗಿ ಮೇಲೇಳುತ್ತಿದ್ದ ವರ್ಷಗಳವು. ನಾನು ಜಾಲಹಳ್ಳಿಯ ಕ್ವಾರ್ಟರ್ಸಿನಿಂದ ಬರುತ್ತಿದ್ದೆ. ನನ್ನ ಯಜಮಾನರು ಸರ್ಕಾರಿ ಕಾರ್ಖಾನೆಯಲ್ಲಿದ್ದರು. ನಮ್ಮ ಬೀದಿಯಲ್ಲಿ ಮಧ್ಯಾಹ್ನ ಪೇಪರ್ ಮಡಚಿದರೂ ಕೇಳಿಸುವಷ್ಟು ನಿಶ್ಶಬ್ದ. ಅಲ್ಲಿಂದ ಬಂದವಳಿಗೆ ಪೀಣ್ಯದ ಗದ್ದಲಕ್ಕಿಂತ ಗಂಟಲು ದೊಡ್ಡದು ಮಾಡಿಕೊಳ್ಳಲು ಒಂದು ವರ್ಷ ಬೇಕಾಯಿತು. ನಾನು ಯಾವಾಗ ಖಾಯಂ ಆದೆ, ಯಾವಾಗ ವಿಭಾಗದ ಮುಖ್ಯಸ್ಥೆಯಾದೆ ಎಂಬ ಕಥೆ ಯಾರಿಗೂ ಬೇಡ. ವಿಭಾಗದಲ್ಲಿ ಇದ್ದವಳೇ ನಾನೊಬ್ಬಳು.

ಕೊನೆಯ ವರ್ಷದ ಬಿ.ಎ.ಗೆ ಒಂದು ಪತ್ರಿಕೆ ಇತ್ತು, ಆಧುನಿಕ ಸಾಮಾಜಿಕ ಚಿಂತನೆ ಎಂದು. ಅದರಲ್ಲಿ ಐಡಿಯಾಲಜಿ ಮತ್ತು ಕ್ರಿಟಿಕಲ್ ಥಿಯರಿ ಎಂಬ ಎರಡು ಅಧ್ಯಾಯ. ಆ ಪಂಡಿತರ ಹೆಸರುಗಳನ್ನು ಇಲ್ಲಿ ಬರೆಯುವುದಿಲ್ಲ, ಅವುಗಳ ಕಾಗುಣಿತ ತಿದ್ದುವುದರಲ್ಲೇ ನನ್ನ ಅರ್ಧ ಆಯುಷ್ಯ ಹೋಗಿದೆ. ತೊಂದರೆ ಹೆಸರಿನದಷ್ಟೇ ಆಗಿರಲಿಲ್ಲ. ನಮ್ಮ ಪಠ್ಯದಲ್ಲಿ ಥಿಯರಿಗೂ ಸಿದ್ಧಾಂತ, ಐಡಿಯಾಲಜಿಗೂ ಸಿದ್ಧಾಂತ. ನನಗಿಂತ ಹಿಂದೆ ಇದ್ದವರು ಬರೆಸಿದ್ದ ನೋಟ್ಸು ಹೀಗೆ ಶುರುವಾಗುತ್ತಿತ್ತು: ‘ವಿಮರ್ಶಾತ್ಮಕ ಸಿದ್ಧಾಂತವು ಸಿದ್ಧಾಂತವನ್ನು ವಿಮರ್ಶಿಸುವ ಸಿದ್ಧಾಂತವಾಗಿದೆ.’ ಹುಡುಗರು ಇದನ್ನು ಮಗ್ಗಿಯಂತೆ ಉರು ಹೊಡೆದು ಬರೆಯುತ್ತಿದ್ದರು, ಪಾಸೂ ಆಗುತ್ತಿದ್ದರು.

ಹಾಗಾಗಬಾರದು ಎಂದು ನಾನು ಇಂಗ್ಲಿಷ್ ಪದವನ್ನೇ ಬೋರ್ಡಿನ ಮೇಲೆ ಬರೆದೆ. ಹಿಂದಿನ ಬೆಂಚಿನಿಂದ ಒಬ್ಬ ಕೈಯೆತ್ತಿ, “ಮೇಡಂ, ಥಿಯರಿ ಕ್ರಿಟಿಕಲ್ ಆಗಿದ್ಯಾ? ಉಳಿಯುತ್ತಾ?” ಎಂದು ಕೇಳಿದ. ಆಸ್ಪತ್ರೆಯಲ್ಲಿ ಕೇಳಿದ ಪದ ಅದು ಅವನಿಗೆ. ಇನ್ನೊಂದು ಸಲ ‘ಮಿಥ್ಯಾ ಪ್ರಜ್ಞೆ’ ಎಂಬುದು ಭಾರವಾಯಿತೆಂದು ‘ತಪ್ಪು ಪ್ರಜ್ಞೆ’ ಎಂದು ಸುಲಭ ಮಾಡಿದೆ. ತಮಗೆ ಕೆಡುಕು ಮಾಡುವ ಏರ್ಪಾಟನ್ನೇ ಜನ ಸರಿ ಎಂದು ನಂಬುವುದು ಎಂದು ವಿವರಿಸಿಯೂ ಬಂದೆ. ಟೆಸ್ಟಿನಲ್ಲಿ ಲೇತ್ ಯಂತ್ರದ ಕೆಲಸದ ಒಬ್ಬ ಹುಡುಗ ಬರೆದಿದ್ದ: ‘ಕಾರ್ಮಿಕನಿಗೆ ಪ್ರಜ್ಞೆ ತಪ್ಪಿದಾಗ ಮುಖಕ್ಕೆ ನೀರು ಚಿಮುಕಿಸಿ ಗಾಳಿ ಬೀಸಬೇಕು. ಮಾಲೀಕರು ಸೋಡಾ ತರಿಸಿಕೊಡಬೇಕು.’ ಸೋಡಾಕ್ಕೆ ಒಂದು ಅಂಕ ಕೊಟ್ಟೆ. ಮನೆಗೆ ಹೋಗಿ ಯಜಮಾನರಿಗೆ ಓದಿ ಹೇಳಿದಾಗ ಅವರು ನಕ್ಕು ನಕ್ಕು ಕಣ್ಣೊರೆಸಿಕೊಂಡರು.

ಕೊನೆಗೆ ನನಗೆ ಬೇಕಾದ ಪದವನ್ನು ಕೊಟ್ಟದ್ದು ತರಗತಿಯೇ. ನಾನು ಏನು ಕೇಳಿದರೂ ಬರುತ್ತಿದ್ದ ಉತ್ತರ ಒಂದೇ. ಹೆಲ್ಪರ್ ಆಗಿ ಸೇರಿದವರು ಎಷ್ಟು ವರ್ಷವಾದರೂ ಹೆಲ್ಪರ್ ಆಗಿಯೇ ಯಾಕಿರುತ್ತಾರೆ? “ಅದು ಹಂಗೇ ಮೇಡಂ.” ಸೂಪರ್‌ವೈಸರ್ ಕುಡಿಯುವ ಟೀ ಲೋಟ ಬೇರೆ ಯಾಕೆ? “ಅದು ಹಂಗೇ ಮೇಡಂ.” ಒಂದು ಸಂಜೆ ಸಿಟ್ಟು ಬಂದು, “ಸರಿ, ಇವತ್ತಿಂದ ಐಡಿಯಾಲಜಿ ಅಂದ್ರೆ ‘ಅದು ಹಂಗೇ’. ಕ್ರಿಟಿಕಲ್ ಥಿಯರಿ ಅಂದ್ರೆ ‘ಹಂಗ್ಯಾಕೆ?’ ಬರ್ಕೊಳ್ಳಿ,” ಎಂದುಬಿಟ್ಟೆ. ತೂಕಡಿಸುತ್ತಿದ್ದವರೂ ನಕ್ಕರು. ಯಾರೋ ಯಾವಾಗಲೋ ಮಾಡಿಟ್ಟ ಏರ್ಪಾಟು ಮಳೆಬಿಸಿಲಿನಂತೆ ತಾನಾಗಿ ಬಂದದ್ದು ಎಂದು ಕಾಣುವುದೇ ಮೊದಲನೆಯದು. ಅದರಿಂದ ಯಾರಿಗೆ ಲಾಭ, ಯಾರಿಗೆ ನೋವು, ಬೇರೆ ಥರ ಇರಬಹುದಿತ್ತೇ ಎಂದು ಕೇಳುವುದು ಎರಡನೆಯದು. ಆ ದಿನದಿಂದ ನಾನು ನೋಟ್ಸು ಬರೆಸುವುದನ್ನು ನಿಲ್ಲಿಸಿದೆ. ಪ್ರತಿಯೊಬ್ಬರೂ ತಾವು ಬದುಕುವ ಜಾಗದ ಒಂದು ‘ಹಂಗೇ’ ಹುಡುಕಿಕೊಂಡು ಬಂದು, ‘ಹಂಗ್ಯಾಕೆ’ ಎಂದು ವಿಚಾರಿಸಿ, ತರಗತಿಯ ಮುಂದೆ ನಿಂತು ಸೆಮಿನಾರ್ ಕೊಡಬೇಕು. ಆಂತರಿಕ ಅಂಕ ಅದಕ್ಕೇ.

ನಮ್ಮ ಪ್ರಿನ್ಸಿಪಾಲ್ ನಂಜುಂಡಯ್ಯನವರು ವಾಣಿಜ್ಯಶಾಸ್ತ್ರದವರು, ಸಭ್ಯರು, ಅಂಜುಬುರುಕರು. ಐಡಿಯಾಲಜಿ ಎಂಬ ಪದ ಕಿವಿಗೆ ಬಿದ್ದರೆ ಸಾಕು, ಹೊರಗೆ ಯಾರಾದರೂ ಬಾವುಟ ಹಿಡಿದು ನಿಂತಿದ್ದಾರೆಯೇ ಎಂದು ಕಿಟಕಿಯಲ್ಲಿ ನೋಡುತ್ತಿದ್ದರು. “ಪಾಠ ಮಾಡಿ ಮೇಡಂ, ಬೇಡ ಅನ್ನಲ್ಲ. ಆದ್ರೆ ಪಾರ್ಟಿ ಗೀರ್ಟಿ ಬೇಡ,” ಎನ್ನುತ್ತಿದ್ದರು. ನಾನು, “ಇಲ್ಲ ಸಾರ್, ಬರೀ ರೊಟ್ಟಿ ಗಿಟ್ಟಿ,” ಎಂದು ತಮಾಷೆ ಮಾಡುವ ಕಾಲ ಬೇಗನೆ ಬಂತು.

ಆ ವರ್ಷ ತರಗತಿಯಲ್ಲಿ ರೇಣುಕಾ ಎಂಬ ಹುಡುಗಿ ಇದ್ದಳು. ಗದಗದ ಕಡೆಯವಳು, ಸ್ವಿಚ್ಚು ಜೋಡಿಸುವ ಕಾರ್ಖಾನೆಯಲ್ಲಿ ಬೆಳಗಿನ ಪಾಳಿ, ಇಬ್ಬರು ಗೆಳತಿಯರ ಜೊತೆ ಒಂದು ಬಾಡಿಗೆ ರೂಮು. ಆ ರೂಮು ಇದ್ದ ಕಟ್ಟಡದ ಮಾಲೀಕರ ಮಗ ಮುನಿರಾಜು ಕೂಡ ಅದೇ ತರಗತಿಯಲ್ಲಿ. ಅವನು ಪೀಣ್ಯದ ಮೂಲದವನೇ. ಅವರ ರಾಗಿ ಹೊಲದಲ್ಲಿ ಈಗ ನಾಲ್ಕು ಅಂತಸ್ತು ಎದ್ದಿತ್ತು. ಡಿಗ್ರಿ ಇಲ್ಲದಿದ್ದರೆ ಹೆಣ್ಣು ಕೊಡುವವರು ಮುಖ ತಿರುಗಿಸುತ್ತಾರೆಂದು ಕಾಲೇಜಿಗೆ ಸೇರಿದ್ದ, ಎರಡು ಸಲ ಡುಮ್ಕಿ ಹೊಡೆದಿದ್ದ. ಒಳ್ಳೆಯ ಹುಡುಗನೇ. ಬೆಂಗಳೂರಿನಲ್ಲಿ ಮನೆಯ ಮಾಲೀಕರನ್ನು ‘ಓನರ್’ ಎನ್ನುತ್ತಾರಲ್ಲ, ರೇಣುಕಾ ಅವನನ್ನು ತರಗತಿಯಲ್ಲೂ “ಓನರ್ರ” ಎಂದೇ ಕರೆಯುತ್ತಿದ್ದಳು. ಅವನು ಕೂತ ಸಾಲಿನಲ್ಲಿ ಕೂರುತ್ತಿರಲಿಲ್ಲ. ಅವನ ಹೋಮ್‌ವರ್ಕನ್ನು ಮಾತ್ರ ಎಷ್ಟೋ ಸಲ ಅವಳೇ ಬರೆದುಕೊಟ್ಟಿದ್ದಳು.

ತನ್ನ ‘ಹಂಗೇ’ ಯಾವುದೆಂದು ಹೇಳುವ ಸರದಿ ಬಂದಾಗ ರೇಣುಕಾ ಎದ್ದು ನಿಂತಳು.

“ನಮ್ಮ ಬಿಲ್ಡಿಂಗಿನ್ಯಾಗ ಮುಂಜಾನೆ ಆರಕ್ಕಿಂತ ಮೊದ್ಲ ರೊಟ್ಟಿ ಬಡಿಯಂಗಿಲ್ರಿ ಮೇಡಮ್ಮರ.”

ಉತ್ತರ ಕರ್ನಾಟಕದ ಹುಡುಗರೆಲ್ಲ ಒಮ್ಮೆಲೇ ಗುಜುಗುಜು ಎಂದರು. ಅದು ಅವಳ ಕಟ್ಟಡದ್ದೊಂದೇ ಅಲ್ಲ, ಆ ಬೀದಿಗಳ ಎಲ್ಲ ಕಟ್ಟಡಗಳದ್ದೂ ನಿಯಮ. ಜೋಳದ ರೊಟ್ಟಿಯನ್ನು ಲಟ್ಟಿಸುವುದಿಲ್ಲ, ಕೈಯಲ್ಲಿ ತಟ್ಟಿ ಬಡಿಯುತ್ತಾರೆ. ಕಲ್ಲಿನ ಮೇಲೆ ಪಟಪಟ ಸದ್ದಾಗುತ್ತದೆ. ಆರಕ್ಕೆ ಪಾಳಿ ಶುರುವಾಗುವವರು ಆರಾದ ಮೇಲೆ ರೊಟ್ಟಿ ಬಡಿದು ಬುತ್ತಿ ಕಟ್ಟುವುದು ಹೇಗೆ?

“ಮತ್ತೆ ಏನು ತಿಂತೀರಿ?” ಎಂದೆ.

“ಬೇಕರಿ ಬನ್ ತಿಂದು ಹೋಗ್ತೀವ್ರಿ. ಹನ್ನೊಂದಕ್ಕ ಕೈ ನಡಗ್ತಾವ.”

ಮುನಿರಾಜುವಿನ ಮುಖ ಕೆಂಪಾಗಿತ್ತು. “ಏನ್ ಮೇಡಂ ಇದು? ನಮ್ಮನೆ ವಿಷ್ಯ ಕ್ಲಾಸಲ್ಲಿ ಯಾಕೆ? ಕೆಳಗಡೆ ನಮ್ಮಮ್ಮಂಗೆ ನಿದ್ದೆ ಬೇಡ್ವಾ?”

ಕೆಲವರು ಅವನ ಕಡೆ, ಹೆಚ್ಚಿನವರು ಅವಳ ಕಡೆ. ಒಬ್ಬನೂ ತೂಕಡಿಸಲಿಲ್ಲ. ಇಂಥ ಪಾಠ ನನ್ನ ಜನ್ಮದಲ್ಲಿ ಮಾಡಿರಲಿಲ್ಲ ಎಂದು ಹಿಗ್ಗಿಕೊಂಡು ಮನೆಗೆ ಹೋದೆ. ಪಾಠದ ಹಿಗ್ಗು ಮೂರು ದಿನದ್ದು. ನಾಲ್ಕನೆಯ ಸಂಜೆ ರೇಣುಕಾ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, ತಿಂಗಳ ಕೊನೆಗೆ ರೂಮು ಖಾಲಿ ಮಾಡಬೇಕೆಂದು ಓನರ್ ಅಮ್ಮ ಹೇಳಿದ್ದಾರೆ ಎಂದಳು. ಅಕ್ಕನ ಮನೆಗೋ ಚಿಕ್ಕಪ್ಪನ ಮನೆಗೋ ಹೋಗುವ ಹಾಗಿರಲಿಲ್ಲ, ಅಂಥವರು ಬೆಂಗಳೂರಿನಲ್ಲಿ ಯಾರೂ ಇರಲಿಲ್ಲ. ಗೆಳತಿಯರು ಮಾಗಡಿ ರಸ್ತೆಯಾಚೆ ಎಲ್ಲೋ ರೂಮು ನೋಡಿದ್ದರು. ಅಲ್ಲಿಂದ ಕಾರ್ಖಾನೆಗೆ ಕಂಪನಿಯ ಬಸ್ಸಿತ್ತು, ರಾತ್ರಿ ತರಗತಿ ಮುಗಿದ ಮೇಲೆ ವಾಪಸ್ ಹೋಗಲು ಬಸ್ಸಿರಲಿಲ್ಲ. ಕೊನೆಯ ವರ್ಷದಲ್ಲಿ ಅವಳ ಡಿಗ್ರಿ ಅಲ್ಲಿಗೇ ನಿಲ್ಲುತ್ತಿತ್ತು.

ನಂಜುಂಡಯ್ಯನವರಿಗೆ ಸುದ್ದಿ ಮುಟ್ಟಿತ್ತು. ನನ್ನನ್ನು ಕರೆಸಿ, “ಈ ಊರಿನವರನ್ನ ಎದುರು ಹಾಕ್ಕೊಂಡು ಕಾಲೇಜು ನಡೆಸಕ್ಕಾಗುತ್ತಾ ಮೇಡಂ? ಆ ಹುಡುಗಿಗೆ ಬೇರೆ ಟಾಪಿಕ್ ಕೊಡಿ. ಜನಸಂಖ್ಯಾ ಸ್ಫೋಟ ಕೊಡಿ. ಅದ್ರಿಂದ ಯಾರಿಗೂ ನೋವಾಗಲ್ಲ,” ಎಂದರು. ಮೇಲಧಿಕಾರಿಗಳ ಸಲಹೆಯನ್ನು ತಲೆಯಾಡಿಸಿ ಕೇಳಿ, ಬಾಗಿಲು ದಾಟಿದ ಮೇಲೆ ಯೋಚಿಸಬೇಕು ಎಂಬುದು ನಾನು ರೂಢಿಸಿಕೊಂಡಿದ್ದ ಕ್ರಮ. ತಲೆಯಾಡಿಸಿದೆ. ಭಾನುವಾರ ರೇಣುಕಾಳನ್ನು ಕರೆದುಕೊಂಡು ಮುನಿರಾಜುವಿನ ತಾಯಿ ಗೌರಮ್ಮನವರನ್ನು ನೋಡಲು ಹೋದೆ.

ಕಾರು ನಿಲ್ಲಿಸಲೆಂದು ಕಟ್ಟಿಸಿದ ಜಾಗದಲ್ಲಿ ಒಂದು ಹಸು ಮೆಲುಕು ಹಾಕುತ್ತಿತ್ತು. ಗೌರಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು, “ಬನ್ನಿ ಮೇಡಂ, ಒಳೀಕ್ ಬನ್ನಿ,” ಎಂದು ಕಾಫಿ ಕೊಟ್ಟರು. ರೇಣುಕಾಗೂ ಕೊಟ್ಟರು, ಮುಖ ಮಾತ್ರ ನೋಡಲಿಲ್ಲ. ಅವರ ಬಾಯಲ್ಲಿ ಹಕಾರ ನಿಲ್ಲುತ್ತಿರಲಿಲ್ಲ. ಅವರು ‘ಏಳು’ ಎಂದರೆ ನೀವು ಎದ್ದು ನಿಲ್ಲಬೇಕಾಗಿಲ್ಲ, ಹೇಳಿದರೆ ಸಾಕು.

“ನಾಕ್ ಜನ್ರ ಮುಂದೆ ನಮ್ಮನೆ ಇಸ್ಯ ಎತ್ತಾಡವ್ಳೆ ಇವ್ಳು. ನನ್ ಮಗ ಕಾಲೇಜಲ್ಲಿ ತಲೆ ಎತ್ಕಂಡ್ ಓಡಾಡದ್ ಬ್ಯಾಡ್ವಾ?”

“ಸದ್ದಿಂದ ನಿಮಗೆ ನಿದ್ದೆ ಕೆಡುತ್ತಂತೆ, ಮುನಿರಾಜು ಹೇಳಿದ,” ಎಂದೆ.

“ನಂಗ್ಯಾತರ್ ನಿದ್ದೆ? ನಾಕ್ ಗಂಟೆಗೆದ್ದು ಅಸಕ್ಕೆ ಉಲ್ಲಾಕ್ತೀನಿ. ಅವ್ನು ಎಂಟ್ ಗಂಟೆಗಂಟ ಮಲ್ಗಿರ್ತಾನೆ, ಅವ್ನಿಗೇನ್ ಗೊತ್ತು?”

“ಮತ್ತೆ ಈ ರೂಲ್ಸ್ ಯಾಕಮ್ಮ?”

ಗೌರಮ್ಮನವರದು ಇದೆಂಥ ಪ್ರಶ್ನೆ ಎಂಬ ಮುಖ.

“ಅದು ಅಂಗೇ ಮೇಡಂ. ಆಚೆ ಬೀದಿಯೋರು ಏಳವ್ರೆ, ಈಚೆ ಬೀದಿಯೋರು ಏಳವ್ರೆ. ಎಲ್ಲಾ ಓನರ್‌ಗಳೂ ಏಳ್ತಾರೆ. ನಾವ್ ಏಳ್ದೆ ಓದ್ರೆ, ಇವ್ರಿಗೆ ಓನರ್ ಆಗಕ್ ಬರಲ್ಲ ಅಂತಾರೆ ಜನ. ಒಲ ಉಳೋದು ಗೊತ್ತಿತ್ತು ನಮ್ಗೆ. ಬಾಡ್ಗೆಗ್ ಕೊಡೋದ್ ಯಾರ್ ಏಳ್ಕೊಟ್ಟಿದ್ರು?”

ಇಷ್ಟು ವರ್ಷ ನಾನು ಹೆಲ್ಪರ್, ಬಾಡಿಗೆದಾರರ ಕಡೆಯ ‘ಹಂಗೇ’ಯನ್ನೇ ಕಲಿಸಿಕೊಂಡು ಬಂದಿದ್ದೆ. ಓನರ್ ಆಗುವುದನ್ನೂ ಪಕ್ಕದ ಬೀದಿಯವರನ್ನು ನೋಡಿ ಕಲಿಯುತ್ತಾರೆ ಎಂಬ ಮಾತು ಪುಸ್ತಕದಲ್ಲಿ ಎಲ್ಲೋ ಇತ್ತು, ಓದಿಯೂ ಇದ್ದೆ, ಆದರೆ ಹೀಗೆ ಎದುರಿಗೆ ಕೂತು ಕಾಫಿ ಕೊಟ್ಟಿರಲಿಲ್ಲ. ನಿಜ ಹೇಳಬೇಕೆಂದರೆ ಬಹಳ ಸಂತೋಷವಾಯಿತು. ಪಾಠದ ಪದ ಬೀದಿಯಲ್ಲಿ ಸಿಕ್ಕಿದಾಗ ಆಗುವ ಸಂತೋಷ ಮೇಷ್ಟರುಗಳಿಗೆ ಮಾತ್ರ ಗೊತ್ತು.

ಅಷ್ಟರಲ್ಲಿ ಗೌರಮ್ಮ ಮೊದಲ ಸಲ ರೇಣುಕಾಳ ಕಡೆ ತಿರುಗಿದರು. “ಬೆಳಗ್ಗೆ ಏನ್ ತಿನ್ಕಂಡ್ ಓಗ್ತೀಯ ನೀನು?”

“ಬನ್ ರೀ.”

“ಬನ್ನಾ? ಗೇಯಾಕ್ ಓಗೋ ಎಣ್ ಮಗ ಬನ್ ತಿನ್ಕಂಡ್ ಓಗದಾ? ನಂಗ್ ಒಂದ್ ಮಾತು ಏಳಕ್ಕೇನಾಗಿತ್ತು ನಿಂಗೆ? ಕಾಲೇಜ್ಗೆಲ್ಲ ಏಳೋಳು!” ಅವರಿಗೆ ನಿಜವಾಗಿಯೂ ನೋವಾಗಿತ್ತು. ಆಳುಗಳಿಗೆ ಹೊಲದ ಬದುವಿನ ಮೇಲೆ ಮುದ್ದೆ ಬಡಿಸಿ ಬಂದ ಕೈ ಅದು. “ಸರಿ, ನಾಳೆಯಿಂದ ಬಡ್ಕ. ರೂಮ್ ಖಾಲಿ ಮಾಡೋದೂ ಬ್ಯಾಡ. ಆದ್ರೆ ಕಾಲೇಜಲ್ಲಿ ನಮ್ಮನೆ ಇಸ್ಯ ಇನ್ನೊಂದ್ ಕಿತ ಬರ್ಕೂಡ್ದು. ಬಂತೋ, ಗಂಟು ಮೂಟೆ ಕಟ್ಕ.”

ನಾನು ನಿರಾಳವಾಗಿ ಎದ್ದೆ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ ಎಂದುಕೊಂಡು ಬೀದಿಗೆ ಬಂದರೆ ರೇಣುಕಾಳ ಮುಖದಲ್ಲಿ ಗೆಲುವಿಲ್ಲ. ಬಸ್ ಸ್ಟಾಪಿನವರೆಗೂ ಜೊತೆಗೆ ಬಂದಳು. ನನ್ನ ಬಸ್ಸು ದೂರದಲ್ಲಿ ಕಂಡಾಗ ಬಾಯಿ ಬಿಟ್ಟಳು.

“ಮೇಡಮ್ಮರ, ಸೆಮಿನಾರ್ ನಾ ಇದ್ರ ಮ್ಯಾಲೇ ಕೊಡ್ತೀನ್ರಿ.”

“ಅಲ್ಲಮ್ಮಾ, ರೊಟ್ಟಿ ಸಿಕ್ತಲ್ಲ? ರೂಮೂ ಉಳೀತಲ್ಲ?”

“ರೂಮಿಗೆ ಬಾಡಿಗಿ ಕೊಡ್ತೀನಿ, ನೀರಿಗೆ ಬ್ಯಾರೆ ಕೊಡ್ತೀನಿ. ಬಾಯಿ ಮುಚ್ಕೊಂಡಿರೂದು ಬಾಡಿಗ್ಯಾಗ ಸೇರಿಲ್ರಿ.” ಮತ್ತೆ ಸೇರಿಸಿದಳು: “ಕದ್ದು ಮಾಡೂದಿಲ್ಲ. ಅಮ್ಮಾರಿಗೆ ಹೇಳೇ ಮಾಡ್ತೀನಿ.”

ನನಗೆ ಹೆದರಿಕೆಯಾಯಿತು, ಹೆಮ್ಮೆಯೂ ಆಯಿತು. ಜನಸಂಖ್ಯಾ ಸ್ಫೋಟ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ‘ಹಂಗ್ಯಾಕೆ’ ಎಂದು ಕೇಳುವುದನ್ನು ಹೇಳಿಕೊಟ್ಟವಳು ನಾನೇ, ಕೇಳಿದಾಗ ಕೈ ಹಿಡಿದು ಎಳೆಯುವುದು ಹೇಗೆ? ಹೊಸಬರು ಇದನ್ನು ನೆನಪಿಟ್ಟುಕೊಳ್ಳಿ. ಈ ಪಾಠಕ್ಕೆ ನೀವು ಕೊಡುವುದು ಹತ್ತೋ ಹದಿನೈದೋ ಅಂಕ, ವಿದ್ಯಾರ್ಥಿ ಅದಕ್ಕೆ ತೆರುವುದು ತನ್ನ ಮನೆ ಮಠ. ಹಾಗಾಗಿ ತರಗತಿಯಲ್ಲಿ ಧೈರ್ಯದ ಭಾಷಣ ಬಿಗಿಯುವ ಮೊದಲು ಅವರು ಎಲ್ಲಿ ಮಲಗುತ್ತಾರೆ ಎಂದು ಕೇಳಿ ತಿಳಿದುಕೊಳ್ಳಿ. ನನಗಿದು ತಡವಾಗಿ ಹೊಳೆಯಿತು, ನಿಮಗೆ ಬೇಗ ಹೊಳೆಯಲಿ.

ಸೆಮಿನಾರಿನ ಸಂಜೆ ತರಗತಿ ತುಂಬಿತ್ತು. ಪಕ್ಕದ ಬಿ.ಕಾಂ. ಹುಡುಗರೂ ಬಂದು ಗೋಡೆಗೆ ಒರಗಿ ನಿಂತಿದ್ದರು. ರೇಣುಕಾ ಬೋರ್ಡಿನ ಮುಂದೆ ಹೋಗಿ ನಿಂತಳೋ ಇಲ್ಲವೋ, ಬಾಗಿಲಲ್ಲಿ ಗೌರಮ್ಮ. ರೇಣುಕಾ ತನ್ನ ಮಾತಿನಂತೆ ಅವರಿಗೆ ಮೊದಲೇ ಹೇಳಿದ್ದಳು. ದೇವಸ್ಥಾನಕ್ಕೆ ಉಡುವ ಸೀರೆ ಉಟ್ಟು, ಹೂ ಮುಡಿದು ಬಂದಿದ್ದರು. ಹಿಂದೆಯೇ ನಂಜುಂಡಯ್ಯನವರು, “ಬನ್ನಿ ಅಮ್ಮಾ, ಆಫೀಸಲ್ಲಿ ಕೂತ್ಕೊಳ್ಳಿ, ಕಾಫಿ ತರಿಸ್ತೀನಿ,” ಎನ್ನುತ್ತ ಓಡಿ ಬಂದರು.

“ಕಾಫಿ ಮನೇಲ್ ಕುಡ್ದೇ ಬಂದಿವ್ನಿ. ಇಲ್ಲೇ ಕೂತ್ಕತೀನಿ,” ಎಂದು ಗೌರಮ್ಮ ಹಿಂದಿನ ಬೆಂಚಿನಲ್ಲಿ ಜಾಗ ಮಾಡಿಸಿಕೊಂಡು ಕೂತರು. ಮುನಿರಾಜು ತಲೆಯನ್ನು ಮೇಜಿನೊಳಗೆ ಇಳಿಸುವುದೊಂದು ಬಾಕಿ. ನಂಜುಂಡಯ್ಯನವರು ನನ್ನತ್ತ ನೋಡಿದ ನೋಟದಲ್ಲಿ ಜನಸಂಖ್ಯಾ ಸ್ಫೋಟವೆಲ್ಲ ಇತ್ತು. ರೇಣುಕಾಳ ಕೈಯಲ್ಲಿ ಸೀಮೆಸುಣ್ಣ ಎರಡು ತುಂಡಾಯಿತು. ಸಾಕು, ಕೂತ್ಕೋ ಎಂದು ನಾನು ಹೇಳಲೇ ಎಂದುಕೊಳ್ಳುವಷ್ಟರಲ್ಲಿ ಅವಳು ಶುರು ಮಾಡಿಬಿಟ್ಟಳು.

ಚೆನ್ನಾಗಿ ಮಾತಾಡಿದಳು. ಒಂದು ಬೀದಿಯಲ್ಲಿ ಒಂದು ಮನೆ ಈ ನಿಯಮ ಮಾಡಿತು, ಅದನ್ನು ನೋಡಿ ಪಕ್ಕದ ಮನೆ ಮಾಡಿತು, ಓನರ್ ಅನ್ನಿಸಿಕೊಳ್ಳಬೇಕಾದರೆ ನಿಯಮ ಇರಬೇಕು ಎಂದು ಎಲ್ಲರೂ ಮಾಡಿದರು. ಬಾಡಿಗೆದಾರರು ಸಹ, ಓನರ್ ಅಂದಮೇಲೆ ಏನೋ ಒಂದು ಹೇಳಲೇಬೇಕಲ್ಲ ಎಂದು ಒಪ್ಪಿಕೊಂಡರು. ಬನ್ನು ತಿಂದು ಕೈ ನಡುಗಿದಾಗಲೂ, ತಮ್ಮ ಮೈಯಲ್ಲೇ ಶಕ್ತಿಯಿಲ್ಲ ಎಂದುಕೊಂಡರು. ಇಷ್ಟನ್ನೂ ಹೇಳುವಾಗ ಅವಳು ಗೌರಮ್ಮನವರ ಕಡೆ ನೋಡಲಿಲ್ಲ, ಅವರ ಮನೆಯ ಹೆಸರೂ ಎತ್ತಲಿಲ್ಲ. ಎಲ್ಲಾ ‘ಒಂದು ಬಿಲ್ಡಿಂಗು’, ‘ಒಬ್ಬರು ಓನರ್’. ತನ್ನ ಮಾತು ಬಿಟ್ಟುಕೊಡದೆಯೂ ಗೌರಮ್ಮನವರ ಮಾನ ಕಾಯುತ್ತಿದ್ದಾಳೆಂದು ನನಗೆ ತಿಳಿಯಿತು.

“ಒಟ್ಟಿನ್ಯಾಗ,” ಎಂದು ಅವಳು ಮುಗಿಸಿದಳು, “ಈ ನಿಯಮಾನ ಇಂಥವ್ರು ಅಂತ ಯಾರೂ ಹೇಳಿದ್ದಲ್ರಿ. ಯಾರೂ ಹೇಳದನ ಎಲ್ಲಾರೂ ಕೇಳ್ತಾರ. ಅದಕ್ಕ ಅದನ್ನ ಐಡಿಯಾಲಜಿ ಅಂತಾರ.”

ಪುಸ್ತಕದಲ್ಲಿ ಇರುವುದೂ ಹೆಚ್ಚುಕಡಿಮೆ ಇದೇ. ನಾನು ತಲೆದೂಗಿದೆ. ಚಪ್ಪಾಳೆಗೆ ಕೈಗಳು ಮೇಲೆದ್ದಿದ್ದವು. ಹಿಂದಿನ ಬೆಂಚಿನಲ್ಲಿ ಗೌರಮ್ಮ ಎದ್ದು ನಿಂತಿದ್ದರು.

“ಯಾರೂ ಏಳಿಲ್ಲ ಅಂತ ಯಾಕಮ್ಮಾ ಅಂತೀಯ?” ಅವರ ಗಂಟಲು ಹೊಲದ ಆ ಬದಿಗೆ ಕೇಳುವಂಥದ್ದು, ಪಕ್ಕದ ಶೆಡ್ಡಿನ ಸದ್ದೂ ಅದರ ಮುಂದೆ ಕಡಿಮೆಯಾಯಿತು. “ನಾನೇ ಏಳಿದ್ದು. ಯಾರ್ನ ನೋಡಾರ ಕಲ್ತಿರ್ಲಿ, ಈ ಬಾಯಲ್ಲೇ ಏಳಿದ್ದು. ಈಗ ಬಡ್ಕ ಅಂದಿದ್ದೂ ಈ ಬಾಯೇ. ಒಂದ್ ಬಿಲ್ಡಿಂಗಂತೆ, ಒಬ್ರು ಓನರಂತೆ! ನಂಗೆ ಎಸ್ರಿಲ್ವಾ? ಗೌರಮ್ಮ ಅಂತ ಏಳು. ಎಲ್ಡೂ ಏಳು.”

ಮುನಿರಾಜು ತಲೆಯೆತ್ತಿ ತಾಯಿಯನ್ನು ನೋಡಿದ. ರೇಣುಕಾ ಕಣ್ಣೊರೆಸಿಕೊಂಡು, “ಆತ್ರೀ ಅಮ್ಮಾರ,” ಎಂದಳು. ಆಮೇಲೆ ತರಗತಿಯ ಕಡೆ ತಿರುಗಿ, ಅವರ ಹೆಸರು ಹಿಡಿದು, ಮೊದಲಿನಿಂದ ಮತ್ತೆ ಶುರು ಮಾಡಿದಳು.